ಫೈಬರ್ ದೋಣಿ: ರೇಡಿಯೋಗ್ರಫಿ ಫಿಲ್ಮ್ ಕ್ಲೀನ್, ತಟ್ಟಿದರೆ ಪೊಳ್ಳು ಸದ್ದು

ಮಲ್ಪೆ_ದೋಣಿ: ಔಟ್‌ಬೋರ್ಡ್ ಇಂಜಿನ್ ಕೂರಿಸುವ ಹಿಂಬದಿ ಹಲಗೆ ತಟ್ಟಿದರೆ ದಬ್ ದಬ್ ಅನ್ನುತ್ತಿದೆ. ಒಳಗೆ ಪ್ಲೈವುಡ್, ಎರಡೂ ಬದಿಗೆ ಗ್ಲಾಸ್ ಫೈಬರ್. ಮಂಗಳೂರಿನಲ್ಲಿ ಪೈಪ್ ವೆಲ್ಡಿಂಗ್ ಪರೀಕ್ಷೆ ಮಾಡುವವರಿಂದ ಗಾಮಾ ಕಿರಣ ಸೂಸುವ ಇರಿಡಿಯಂ-192 ಇಟ್ಟು ಎಕ್ಸ್‌ರೇ ಥರದ ಫಿಲ್ಮ್ ತೆಗೆಸಿದೆವು. ಪೂರ್ತಿ ಒಂದೇ ಬೂದು ಬಣ್ಣ, ಒಂದು ಗೆರೆಯೂ ಇಲ್ಲ. ದೋಣಿ ಸರಿ ಇದೆ ಅಂತಲಾ? ಜುಲೈ 31ಕ್ಕೆ ಮೀನುಗಾರಿಕೆ ನಿಷೇಧ ಮುಗಿಯುತ್ತದೆ.

ಸುರತ್ಕಲ್_ಎನ್‌ಡಿಟಿ: ಇಲ್ಲ ಮಾರಾಯ್ರೆ, ಆ ಫಿಲ್ಮ್ ನಂಬಿ ಕಡಲಿಗೆ ಇಳಿಯಬೇಡಿ. ಕಿರಣದ ದಾರಿಯಲ್ಲಿ ಎಷ್ಟು ವಸ್ತು ಸಿಕ್ಕಿತು ಅನ್ನೋದಷ್ಟೇ ಫಿಲ್ಮ್‌ನಲ್ಲಿ ಮೂಡುವುದು. ಪದರ ಬಿಟ್ಟುಕೊಂಡರೂ ಫೈಬರ್, ಅದನ್ನು ಹಿಡಿದಿಡುವ ಅಂಟು ರೆಸಿನ್, ಮರ ಎಲ್ಲ ಅಲ್ಲೇ ಇರುತ್ತವೆ, ನಡುವೆ ಕೂದಲೆಳೆಯಷ್ಟು ಸಂದು ಮಾತ್ರ. ಎದುರಿನಿಂದ ಹೊಡೆದರೆ ಅದು ಕಾಣುವುದಿಲ್ಲ. ಬಿರುಕು ಕಿರಣದ ಉದ್ದಕ್ಕೇ ಇದ್ದರೆ ಕಂಡೀತು.

ಮೇಲಿಂದ ಇರಿಡಿಯಂ ಬೇರೆ. ಅದರ ಗಾಮಾ ಕಿರಣದ ಶಕ್ತಿ ಹೆಚ್ಚಿನದು 300ರಿಂದ 600 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್). ದಪ್ಪ ಉಕ್ಕಿಗೆ ಅದು ಬೇಕು, ಫೈಬರನ್ನು ಸುಮ್ನೆ ದಾಟಿ ಹೋಗುತ್ತದೆ. ತೆಳು ಫೈಬರಿಗೆ ಸಾಮಾನ್ಯವಾಗಿ 50 ಕೆವಿಗಿಂತ (ಕಿಲೋವೋಲ್ಟ್) ಕೆಳಗಿನ ಎಕ್ಸ್‌ರೇ ಟ್ಯೂಬ್ ಬಳಸುತ್ತಾರೆ. ಗ್ಲಾಸ್‌ನಲ್ಲಿ ಸಿಲಿಕಾನ್, ಕ್ಯಾಲ್ಸಿಯಂ ಇರುವುದರಿಂದ ಎಳೆ ಸ್ವಲ್ಪ ಎದ್ದು ಕಾಣುತ್ತದೆ. ಕಾರ್ಬನ್ ಫೈಬರ್ ಆಗಿದ್ದರೆ ಅದೂ ಕಷ್ಟ, ಎಳೆಗೂ ರೆಸಿನ್‌ಗೂ ಫರಕು ಅಷ್ಟು ಕಮ್ಮಿ.

ಮಲ್ಪೆ_ದೋಣಿ: ಹಾಗಾದರೆ ಕಡಿಮೆ ಕೆವಿಯಲ್ಲಿ ಇನ್ನೊಮ್ಮೆ ತೆಗೆಸಲಾ ಅಣ್ಣ?

ಸುರತ್ಕಲ್_ಎನ್‌ಡಿಟಿ: ದುಡ್ಡು ದಂಡ. ಒಳಗೆ ನೀರು ನಿಂತಿದ್ದರೆ ಮಚ್ಚೆಯಾಗಿ ಕಾಣಬಹುದು, ಬಿಟ್ಟುಕೊಂಡ ಪದರ ಆಗಲೂ ಕಾಣುವುದಿಲ್ಲ. ನಾಣ್ಯದಲ್ಲಿ ಒಂದೊಂದು ಇಂಚಿಗೂ ತಟ್ಟುತ್ತಾ ಹೋಗಿ, ಸದ್ದು ಬದಲಾದಲ್ಲಿ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಇಂಜಿನ್ ಬೋಲ್ಟ್‌ನ ತೂತುಗಳ ಸುತ್ತ ಜಾಸ್ತಿ ನೋಡಿ, ನೀರು ಇಳಿಯುವುದು ಹೆಚ್ಚಾಗಿ ಅಲ್ಲಿಂದಲೇ.

ಕಾಪು_ಗ್ಯಾರೇಜ್: ಎಕ್ಸ್‌ರೇ ತಡೆಯುವ ಜಿಂಕ್ ಅಯೋಡೈಡ್ ದ್ರಾವಣ ಹಾಕಿ ಎಕ್ಸ್‌ರೇ ತೆಗೆದರೆ ಪದರದ ಸಂದು ಬೆಳ್ಳಗೆ ಕಾಣುತ್ತದೆ ಅಂತಾರಲ್ಲ?

ಸುರತ್ಕಲ್_ಎನ್‌ಡಿಟಿ: ಹೌದು, ಆದರೆ ಸಂದಿನ ಬಾಯಿ ಹೊರಗೆ ತೆರೆದಿರಬೇಕು. ಲ್ಯಾಬಿನ ತುಂಡಿಗೆ ಸರಿ. ಮೀನಿನ ದೋಣಿಗೆ ಆ ರಗಳೆ ಯಾಕೆ?

ಮಲ್ಪೆ_ದೋಣಿ: ತಟ್ಟಿ ನೋಡಿದೆ. ಎಡಗಡೆ ಬೋಲ್ಟ್ ಕೆಳಗೆ ಅಂಗೈ ಅಗಲ ಪೊಳ್ಳು. ಒಳಬದಿಯಿಂದ ಸಣ್ಣ ತೂತು ಹಾಕಿದರೆ ಕಪ್ಪಗಿನ ಒದ್ದೆ ಪುಡಿ ಬಂತು, ಹಿಂದೆಯೇ ಕಂದು ನೀರು.

ಸುರತ್ಕಲ್_ಎನ್‌ಡಿಟಿ: ಮರ ಕೊಳೆತಿದೆ. ಮೇಲಿಂದ ಫೈಬರ್ ಮ್ಯಾಟ್ ಹಾಕಿ ಮುಚ್ಚಬೇಡಿ, ಒದ್ದೆ ಮರಕ್ಕೆ ರೆಸಿನ್ ಹಿಡಿಯುವುದಿಲ್ಲ. ಒಳಬದಿಯ ಫೈಬರ್ ಕತ್ತರಿಸಿ ಗಟ್ಟಿ ಮರ ಸಿಗುವವರೆಗೆ ತೆಗೆಸಿ. ಈ ಮಳೆಯಲ್ಲಿ ತಾನಾಗಿ ಒಣಗುವ ಮಾತೇ ಇಲ್ಲ, ಶೆಡ್ಡಿನೊಳಗೆ ಹ್ಯಾಲೋಜನ್ ದೀಪ ಇಡಿ. ಹೊಸ ಬೋಲ್ಟ್ ತೂತಿನ ಒಳಗೋಡೆಗೂ ಎಪಾಕ್ಸಿ ಬಳಿಯಲು ಹೇಳಿ.