ಏರೋಪಾನಿಕ್ ಬಕೆಟ್ಟಿನಲ್ಲಿ ದಾಸವಾಳದ ಕಡ್ಡಿಗಳು ಕೊಳೆಯುತ್ತಿವೆ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮಣ್ಣಿಲ್ಲದೆ ಕಡ್ಡಿಗಳಿಗೆ ಬೇರು ಬರಿಸಲೆಂದು ಮನೆಯಲ್ಲೇ ಒಂದು ಏರೋಪಾನಿಕ್ (ಕಡ್ಡಿಗಳ ಬುಡಕ್ಕೆ ನೀರಿನ ತುಂತುರು ಸಿಂಪಡಿಸುವ) ವ್ಯವಸ್ಥೆಯನ್ನು ಮಾಡಿಕೊಂಡಿದ್ದೇನೆ. 20 ಲೀಟರಿನ ಬಕೆಟ್ಟಿನ ತಳದಲ್ಲಿ ನೀರಿನೊಳಗೆ ಮುಳುಗಿರುವ ಸಣ್ಣ ಪಂಪು, ಅದಕ್ಕೆ ಜೋಡಿಸಿದ ಪೈಪಿನಲ್ಲಿ ನಾಲ್ಕು ಸ್ಪ್ರೇ ನಾಜಲ್‌ಗಳು, ಮುಚ್ಚಳದ ತೂತುಗಳಲ್ಲಿ ಸ್ಪಂಜು ಸುತ್ತಿ ನಿಲ್ಲಿಸಿದ ಕಡ್ಡಿಗಳು. ಇಷ್ಟೇ ಅದರ ರಚನೆ. ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆಂದು ಬಕೆಟ್ಟಿನ ಹೊರಮೈಗೆ ಕಪ್ಪು ಬಣ್ಣ ಬಳಿದಿದ್ದೇನೆ.

ತುಳಸಿ ಮತ್ತು ಕೋಲಿಯಸ್ ಕಡ್ಡಿಗಳಲ್ಲಿ ಹತ್ತು ದಿನಗಳೊಳಗೆ ಬಿಳಿಯ ಬೇರುಗಳು ನೂಲಿನಂತೆ ಇಳಿದವು. ಆ ಸಂತೋಷ ಇನ್ನೂ ಮನಸ್ಸಿನಲ್ಲಿದೆ. ಆದರೆ ದಾಸವಾಳದ ಕಡ್ಡಿಗಳ ಕತ್ತರಿಸಿದ ತುದಿ ಐದನೆಯ ದಿನಕ್ಕೇ ಕಂದು ಬಣ್ಣಕ್ಕೆ ತಿರುಗಿ, ಬೆರಳಿಗೆ ಲೋಳೆಯಾಗಿ ಅಂಟಿ, ಸಿಪ್ಪೆ ಸುಲಿದು ಬರುತ್ತಿದೆ. ಪಂಪು ಹಗಲೂ ರಾತ್ರಿ ನಿಲ್ಲದೆ ಓಡುವುದರಿಂದ ನೀರು ಉಗುರುಬೆಚ್ಚಗಾಗುತ್ತಿದ್ದು, ಬೆಚ್ಚಗಿನ ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುವ ಕಾರಣ ಕೊಳೆತ ಅಲ್ಲಿಂದಲೇ ಆರಂಭವಾಗುತ್ತಿರಬಹುದೆಂಬುದು ನನ್ನ ಊಹೆ.

ಟೈಮರ್ ಅಳವಡಿಸಿ ಒಂದು ನಿಮಿಷ ಸಿಂಪಡಿಸಿ ನಾಲ್ಕು ನಿಮಿಷ ನಿಲ್ಲಿಸಿದರೆ ಗಟ್ಟಿ ಕಾಂಡದ ಕಡ್ಡಿಗಳಿಗೆ ಸಾಕಾಗುತ್ತದೆಯೇ? ನೀರನ್ನು ಎಷ್ಟು ದಿನಕ್ಕೊಮ್ಮೆ ಬದಲಿಸುತ್ತೀರಿ? ಬೇರು ಬರಿಸುವ ಹಾರ್ಮೋನ್ ಪುಡಿ ತುಂತುರಿಗೆ ತೊಳೆದುಹೋಗದಂತೆ ಏನು ಮಾಡುತ್ತೀರಿ? ದಾಸವಾಳದಂತಹ ಗಿಡಗಳಿಗೆ ಈ ವಿಧಾನದಲ್ಲಿ ಸ್ವತಃ ಬೇರು ಬರಿಸಿದವರು ದಯವಿಟ್ಟು ತಮ್ಮ ಅನುಭವವನ್ನು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.