ಬ್ಲಾಗರ್‌ನಲ್ಲಿ ಕನ್ನಡ ಬ್ಲಾಗು: ಕೊಂಡಿ, ಅಕ್ಷರ, ಡೊಮೇನ್ – ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ಗೂಗಲ್‌ನ ಬ್ಲಾಗ್ ಸೇವೆಯಾದ ಬ್ಲಾಗರ್‌ನಲ್ಲಿ ಶೀರ್ಷಿಕೆಯನ್ನು ಕನ್ನಡದಲ್ಲಿ ಕೊಟ್ಟರೆ ಬರಹದ ವಿಳಾಸದ ತುದಿಯಲ್ಲಿ ಬರೀ ‘ಬ್ಲಾಗ್-ಪೋಸ್ಟ್’ ಅಂತ ಬಂದು, ಮುಂದೆ ಒಂದು ಸಂಖ್ಯೆ ಅಂಟಿಕೊಳ್ಳುತ್ತದೆ. ಯಾವ ಕೊಂಡಿ ಯಾವ ಬರಹದ್ದು ಎಂದೇ ಗೊತ್ತಾಗುವುದಿಲ್ಲ. ಸರಿಪಡಿಸುವುದು ಹೇಗೆ?

ಉತ್ತರ: ಬ್ಲಾಗರ್ ಶೀರ್ಷಿಕೆಯಿಂದ ಇಂಗ್ಲಿಷ್ ಅಕ್ಷರ ಮತ್ತು ಅಂಕೆಗಳನ್ನು ಮಾತ್ರ ಹೆಕ್ಕಿ ವಿಳಾಸ ಕಟ್ಟುತ್ತದೆ. ಪೂರ್ತಿ ಕನ್ನಡದ ಶೀರ್ಷಿಕೆಯಲ್ಲಿ ಹೆಕ್ಕಲು ಏನೂ ಸಿಗದೆ ‘ಬ್ಲಾಗ್-ಪೋಸ್ಟ್’ ಎಂದು ಇಟ್ಟುಬಿಡುತ್ತದೆ. ಅದೇ ತಿಂಗಳಲ್ಲಿ ಎರಡನೆಯದು ಬಂದರೆ ಅಡಿಗೆರೆ ಹಾಕಿ ಸಂಖ್ಯೆ ಸೇರಿಸುತ್ತದೆ.

ಪರಿಹಾರ ಇರುವುದು ಪ್ರಕಟಿಸುವ ಮೊದಲು. ಬರೆಯುವ ಪರದೆಯ ಬಲಗಡೆ ‘ಪೋಸ್ಟ್ ಸೆಟ್ಟಿಂಗ್ಸ್’ನಲ್ಲಿ ‘ಪರ್ಮಾಲಿಂಕ್’ (ಬರಹದ ಕಾಯಂ ವಿಳಾಸ) ತೆರೆದು ‘ಕಸ್ಟಮ್ ಪರ್ಮಾಲಿಂಕ್’ ಆರಿಸಿ. ಅಲ್ಲಿ ಇಂಗ್ಲಿಷ್ ಅಕ್ಷರ, ಅಂಕೆ, ಅಡ್ಡಗೆರೆ, ಅಡಿಗೆರೆ, ಚುಕ್ಕಿ ಇಷ್ಟಕ್ಕೇ ಅವಕಾಶ, ಕನ್ನಡ ಅಕ್ಷರ ನಡೆಯುವುದಿಲ್ಲ. ‘ಹಲಸಿನ ಹಪ್ಪಳ’ ಎಂಬ ಬರಹವಾದರೆ ಆ ಎರಡು ಪದಗಳನ್ನೇ ಇಂಗ್ಲಿಷ್ ಲಿಪಿಯಲ್ಲಿ ಬರೆದು ನಡುವೆ ಅಡ್ಡಗೆರೆ ಹಾಕಿ. ಮೂರು ನಾಲ್ಕು ಪದ ಮೀರಬೇಡಿ, ಎಲ್ಲವೂ ಸಣ್ಣ ಅಕ್ಷರದಲ್ಲಿರಲಿ. ‘ಸೇವ್’ ಮಾಡುವಷ್ಟೇ ಸಹಜವಾಗಿ ಇದು ಅಭ್ಯಾಸವಾಗಬೇಕು.

ಅದೇ ಪಟ್ಟಿಯಲ್ಲಿ ದಿನಾಂಕವನ್ನೂ ನೋಡಿಕೊಳ್ಳಿ. ವಿಳಾಸದಲ್ಲಿ ಬರುವ ವರ್ಷ, ತಿಂಗಳು ನಿಮ್ಮ ಬ್ಲಾಗಿನ ಸಮಯವಲಯದ ಪ್ರಕಾರ ಕೂರುತ್ತವೆ. ಸೆಟ್ಟಿಂಗ್ಸ್‌ನ ‘ಫಾರ್ಮ್ಯಾಟಿಂಗ್’ ವಿಭಾಗದಲ್ಲಿ ಅಮೆರಿಕದ ಪೆಸಿಫಿಕ್ ಸಮಯ ಉಳಿದುಬಿಟ್ಟಿದ್ದರೆ, ನವೆಂಬರ್ 1ರ ಬೆಳಿಗ್ಗೆ ನೀವು ಹಾಕಿದ ರಾಜ್ಯೋತ್ಸವದ ಬರಹ ಅಕ್ಟೋಬರ್ ತಿಂಗಳ ವಿಳಾಸ ಹೊತ್ತು ಹೊರಡುತ್ತದೆ. ಅಲ್ಲಿ ಕೋಲ್ಕತ್ತಾ, +5:30 ಆರಿಸಿ.

ಮರುಪ್ರಶ್ನೆ: ಈಗಾಗಲೇ ಪ್ರಕಟವಾಗಿರುವ ನೂರಾರು ಬರಹಗಳನ್ನು ಏನು ಮಾಡಲಿ? ಎಲ್ಲದರ ವಿಳಾಸ ಬದಲಿಸಲೇ?

ಉತ್ತರ: ದಯವಿಟ್ಟು ಬೇಡ. ಆ ಕೊಂಡಿಗಳನ್ನು ಯಾರೋ ವಾಟ್ಸಾಪ್‌ನಲ್ಲಿ ಕಳಿಸಿರುತ್ತಾರೆ, ಯಾರೋ ತಮ್ಮ ಲೇಖನದಲ್ಲಿ ಉಲ್ಲೇಖಿಸಿರುತ್ತಾರೆ. ವಿಳಾಸ ಎಷ್ಟೇ ಕುರೂಪವಾಗಿರಲಿ, ತೆರೆದುಕೊಳ್ಳುವ ಕೊಂಡಿಯೇ ಒಳ್ಳೆಯ ಕೊಂಡಿ.

ಜನ ಹೆಚ್ಚು ಓದುವ ನಾಲ್ಕಾರು ಬರಹಗಳಿಗೆ ಬದಲಿಸಲೇಬೇಕು ಅಂದರೆ ಕ್ರಮ ತಪ್ಪಬಾರದು. ಮೊದಲು ಹಳೆಯ ವಿಳಾಸವನ್ನು ಒಂದು ಕಡೆ ನಕಲು ಮಾಡಿಟ್ಟುಕೊಳ್ಳಿ. ಬರಹವನ್ನು ‘ರಿವರ್ಟ್ ಟು ಡ್ರಾಫ್ಟ್’ ಮಾಡಿ, ಆಗ ಪರ್ಮಾಲಿಂಕ್ ಬೀಗ ಬಿಡುತ್ತದೆ. ಹೊಸದನ್ನು ಬರೆಯಿರಿ. ಮರುಪ್ರಕಟಿಸುವ ಮುಂಚೆ ‘ಪಬ್ಲಿಷ್ಡ್ ಆನ್’ನಲ್ಲಿ ಹಳೆಯ ದಿನಾಂಕವೇ ಇದೆಯೇ ನೋಡಿ. ಅದು ‘ಆಟೋಮ್ಯಾಟಿಕ್’ ಆಗಿದ್ದರೆ 2014ರ ಬರಹ ಇವತ್ತಿನದಾಗಿ ಮುಖಪುಟದ ಮೇಲ್ತುದಿಗೆ ಬಂದು ಕೂರುತ್ತದೆ.

ನಂತರ ಸೆಟ್ಟಿಂಗ್ಸ್‌ನ ‘ಎರರ್ಸ್ ಅಂಡ್ ರೀಡೈರೆಕ್ಟ್ಸ್’ ಕೆಳಗೆ ‘ಕಸ್ಟಮ್ ರೀಡೈರೆಕ್ಟ್ಸ್’ ತೆರೆಯಿರಿ. ‘ಫ್ರಮ್’ನಲ್ಲಿ ಹಳೆಯದು, ‘ಟು’ನಲ್ಲಿ ಹೊಸದು. ಎರಡರಲ್ಲೂ ಬ್ಲಾಗಿನ ಹೆಸರು ಬಿಟ್ಟು, ಓರೆಗೆರೆಯಿಂದ ಶುರುವಾಗುವ ಭಾಗವನ್ನಷ್ಟೇ ಹಾಕಬೇಕು. ಪೂರ್ತಿ ವಿಳಾಸ ಅಂಟಿಸಿದರೆ ಕೆಲಸ ಮಾಡುವುದಿಲ್ಲ. ‘ಪರ್ಮನೆಂಟ್’ ಗುಂಡಿ ಒತ್ತಿದರೆ ವಿಳಾಸ ಕಾಯಮ್ಮಾಗಿ ಬದಲಾಗಿದೆ ಎಂದು ಹುಡುಕುಯಂತ್ರಕ್ಕೂ ತಿಳಿಯುತ್ತದೆ. ಕೊನೆಗೆ ಲಾಗಿನ್ ಆಗದ ಬೇರೊಂದು ಬ್ರೌಸರ್‌ನಲ್ಲಿ ಹಳೆಯ ಕೊಂಡಿ ತೆರೆದು ಪರೀಕ್ಷಿಸಿ.

ಪ್ರಶ್ನೆ: ಮೊಬೈಲಿನಲ್ಲಿ ನನ್ನ ಬ್ಲಾಗಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸು, ಕೊಂಬುಗಳಿಗೆ ತಾಗುತ್ತವೆ. ಥೀಮ್‌ನಲ್ಲಿ ಫಾಂಟ್ ಬದಲಿಸಿದರೂ ಕನ್ನಡ ಅಕ್ಷರ ಒಂದಿಷ್ಟೂ ಬದಲಾಗುವುದಿಲ್ಲ.

ಉತ್ತರ: ಇವು ಎರಡು ಬೇರೆ ಸಮಸ್ಯೆ.

ಥೀಮ್ ಡಿಸೈನರ್‌ನ ಪಟ್ಟಿಯಲ್ಲಿರುವ ಫಾಂಟುಗಳು ಇಂಗ್ಲಿಷಿಗೆ ಮಾಡಿದವು, ಅವುಗಳಲ್ಲಿ ಕನ್ನಡ ಇಲ್ಲ. ಹಾಗಾಗಿ ಓದುಗರ ಸಾಧನದಲ್ಲಿ ಇರುವ ಕನ್ನಡ ಫಾಂಟೇ ಕಾಣುತ್ತದೆ: ವಿಂಡೋಸ್‌ನಲ್ಲಿ ನಿರ್ಮಲಾ ಅಥವಾ ತುಂಗಾ, ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ನೋಟೋ. ಎಲ್ಲರಿಗೂ ಒಂದೇ ರೂಪ ಬೇಕಾದರೆ ಗೂಗಲ್ ಫಾಂಟ್ಸ್‌ನಿಂದ ತರಬೇಕು. ಉದ್ದನೆಯ ಓದಿಗೆ ನೋಟೋ ಸೆರಿಫ್ ಕನ್ನಡ ಅಥವಾ ತಿರೋ ಕನ್ನಡ ಚೆನ್ನ. ‘ಬಾಲೂ ತಮ್ಮ’ ಎಂಬ ಫಾಂಟು ಶೀರ್ಷಿಕೆಗೆ ಒಪ್ಪುತ್ತದೆ, ಪುಟಗಟ್ಟಲೆ ಓದಿದರೆ ಕಣ್ಣಿಗೆ ಭಾರ.

ಮೊದಲು ಥೀಮ್ ಪುಟದ ‘ಕಸ್ಟಮೈಸ್’ ಪಕ್ಕದ ಬಾಣ ಒತ್ತಿ ‘ಬ್ಯಾಕಪ್’ ತೆಗೆದುಕೊಳ್ಳಿ. ಆಮೇಲೆ ‘ಎಡಿಟ್ ಎಚ್‌ಟಿಎಂಎಲ್’ ತೆರೆದು, ‘ಹೆಡ್’ ಟ್ಯಾಗ್ ಶುರುವಾದ ಕೂಡಲೇ ಗೂಗಲ್ ಫಾಂಟ್ಸ್ ಕೊಡುವ ‘ಲಿಂಕ್’ ಸಾಲನ್ನು ಅಂಟಿಸಿ. ಬಹಳ ಜನ ಇಲ್ಲೇ ಮುಗ್ಗರಿಸುವುದು. ಥೀಮ್ ಕಡತ ಎಕ್ಸ್‌ಎಂಎಲ್ (ಕಟ್ಟುನಿಟ್ಟಿನ ಸಂಕೇತಭಾಷೆ) ಆದ್ದರಿಂದ ಆ ಸಾಲಿನ ನಡುವೆ ಬರುವ & ಚಿಹ್ನೆಯನ್ನು ಅದು ಹಾಗೇ ಸ್ವೀಕರಿಸುವುದಿಲ್ಲ. ಪ್ರತಿ & ಆದಮೇಲೆ ಎ, ಎಂ, ಪಿ ಎಂಬ ಮೂರು ಸಣ್ಣ ಇಂಗ್ಲಿಷ್ ಅಕ್ಷರ, ನಂತರ ಒಂದು ಅರ್ಧವಿರಾಮ (;) ಸೇರಿಸಿ. ಟ್ಯಾಗಿನ ಕೊನೆಯಲ್ಲಿ ಓರೆಗೆರೆ ಹಾಕಿ ಮುಚ್ಚುವುದನ್ನೂ ಮರೆಯಬೇಡಿ. ಇವೆರಡರಲ್ಲಿ ಒಂದು ತಪ್ಪಿದರೂ ಥೀಮ್ ಸೇವ್ ಆಗುವುದಿಲ್ಲ.

ಗೂಗಲ್ ಫಾಂಟ್ಸ್ ಕೊಡುವ ಇನ್ನೊಂದು ಬಗೆಯ ‘ಇಂಪೋರ್ಟ್’ ಸಾಲನ್ನು ‘ಆ್ಯಡ್ ಸಿಎಸ್‌ಎಸ್’ (ಪುಟದ ರೂಪದ ಸೂಚನೆ ಬರೆಯುವ) ಪೆಟ್ಟಿಗೆಗೆ ಹಾಕಿ ಸುಲಭದಲ್ಲಿ ಮುಗಿಸಲು ಹೋಗಬೇಡಿ. ಆ ಪೆಟ್ಟಿಗೆಯ ಬರಹ ಥೀಮ್‌ನ ಸ್ಟೈಲ್‌ಗಳ ಕೊನೆಗೆ ಸೇರುತ್ತದೆ, ಇಂಪೋರ್ಟ್ ಎಲ್ಲಕ್ಕಿಂತ ಮೊದಲು ಇದ್ದರಷ್ಟೇ ಬ್ರೌಸರ್ ಅದನ್ನು ಗಣಿಸುತ್ತದೆ.

ಇನ್ನು ಸಾಲಿನ ಅಂತರ. ‘ಆ್ಯಡ್ ಸಿಎಸ್‌ಎಸ್’ನಲ್ಲಿ ‘ಪೋಸ್ಟ್-ಬಾಡಿ’ ಕ್ಲಾಸಿಗೆ ಫಾಂಟಿನ ಹೆಸರು ಕೊಟ್ಟು, ‘ಲೈನ್-ಹೈಟ್’ 1.8 ಇಡಿ. ಇಂಗ್ಲಿಷಿಗೆ 1.4 ಸಾಕಾಗುತ್ತದೆ. ಕನ್ನಡದಲ್ಲಿ ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳಲ್ಲಿ ಒತ್ತಿನ ಕೆಳಗೆ ಮತ್ತೊಂದು ಒತ್ತು ಇಳಿಯುವುದರಿಂದ ಅಷ್ಟು ಜಾಗ ಬೇಕೇ ಬೇಕು. ಮೊಬೈಲಿಗೆ ಅಕ್ಷರದ ಗಾತ್ರ 18 ಪಿಕ್ಸೆಲ್‌ಗಿಂತ ಕಡಿಮೆ ಬೇಡ. ಶೀರ್ಷಿಕೆಗೆ ಥೀಮ್ ‘ಲೆಟರ್-ಸ್ಪೇಸಿಂಗ್’ ಕೊಟ್ಟಿದ್ದರೆ ಸೊನ್ನೆ ಮಾಡಿ. ಎರಡೂ ಅಂಚು ಸಮ ಮಾಡುವ ‘ಜಸ್ಟಿಫೈ’ ತೆಗೆದುಬಿಡಿ, ನಮ್ಮ ಉದ್ದ ಪದಗಳ ನಡುವೆ ಅದು ದೊಡ್ಡ ದೊಡ್ಡ ಖಾಲಿ ಬಿಡುತ್ತದೆ.

ಮರುಪ್ರಶ್ನೆ: ಮಾಡಿದೆ, ಹೊಸ ಬರಹಗಳು ಸುಂದರವಾಗಿ ಕಾಣುತ್ತಿವೆ. ಹಳೆಯ ಕೆಲವು ಮಾತ್ರ ಹಾಗೇ ಉಳಿದಿವೆ.

ಉತ್ತರ: ಅವು ವರ್ಡ್‌ನಿಂದ ಅಂಟಿಸಿದವು ಇರಬೇಕು. ಅಂಟಿಸುವಾಗ ಪ್ರತಿ ಪ್ಯಾರಾದೊಳಗೂ ವರ್ಡ್ ತನ್ನ ಫಾಂಟಿನ ಹೆಸರು, ಗಾತ್ರ ಹೊತ್ತು ತರುತ್ತದೆ, ನಿಮ್ಮ ಸಿಎಸ್‌ಎಸ್‌ಗಿಂತ ಅದರ ಮಾತೇ ನಡೆಯುತ್ತದೆ. ಬರಹ ತೆರೆದು ಎಲ್ಲವನ್ನೂ ಆಯ್ದು ‘ಕ್ಲಿಯರ್ ಫಾರ್ಮ್ಯಾಟಿಂಗ್’ ಒತ್ತಿ. ದಪ್ಪಕ್ಷರಗಳೂ ಹೋಗುತ್ತವೆ, ಮತ್ತೆ ಹಾಕಿಕೊಳ್ಳಬೇಕು. ಮುಂದೆ ಅಂಟಿಸುವಾಗ ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿ.

ಹಳೆಯ ಬರಹ ಕನ್ನಡವಾಗಿಯೇ ಕಾಣದೆ, ನೆತ್ತಿಯ ಮೇಲೆ ಗುರುತುಗಳಿರುವ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಅದು ಯೂನಿಕೋಡ್ ಅಲ್ಲ, ‘ನುಡಿ’ ಅಥವಾ ‘ಬರಹ’ ಎಂಬ ತಂತ್ರಾಂಶದ ಹಳೆಯ ಫಾಂಟಿನ ಪಠ್ಯ. ಅದನ್ನು ಯೂನಿಕೋಡ್ ಮಾಡುವ ಪರಿವರ್ತಕದಲ್ಲಿ ಹಾಕಿ ತೆಗೆಯಿರಿ. ಆಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ, ಪರಿವರ್ತನೆಯಲ್ಲಿ ಜಾಗ ತಪ್ಪುವುದು ಹೆಚ್ಚಾಗಿ ಅದೇ.

ಪ್ರಶ್ನೆ: ಮುಖಪುಟದಲ್ಲಿ 10 ಬರಹ ಎಂದು ಸೆಟ್ ಮಾಡಿದ್ದೇನೆ, ಮೂರೇ ಕಾಣುತ್ತವೆ.

ಉತ್ತರ: ಪುಟ ಭಾರವಾದರೆ ಬ್ಲಾಗರ್ ತಾನೇ ಸಂಖ್ಯೆ ಇಳಿಸುತ್ತದೆ. ಯೂನಿಕೋಡ್ ಕನ್ನಡದಲ್ಲಿ ಅಕ್ಷರ, ಕಾಗುಣಿತದ ಗುರುತು, ಅರ್ಧಾಕ್ಷರದ ಹಲಂತ ಗುರುತು ಪ್ರತಿಯೊಂದಕ್ಕೂ ಮೂರು ಬೈಟ್, ಇಂಗ್ಲಿಷಿಗೆ ಒಂದೇ. ಹಾಗಾಗಿ ನಮ್ಮ ಪುಟಗಳು ಬೇಗ ತೂಕ ಏರಿಸಿಕೊಳ್ಳುತ್ತವೆ. ಪ್ರತಿ ಬರಹದಲ್ಲೂ ಒಂದೆರಡು ಪ್ಯಾರಾ ಆದಮೇಲೆ ‘ಜಂಪ್ ಬ್ರೇಕ್’ (ಮುಖಪುಟದಲ್ಲಿ ಬರಹವನ್ನು ಅಲ್ಲಿಗೇ ನಿಲ್ಲಿಸುವ ಗುರುತು) ಹಾಕಿ. ಅದು ಕೋಷ್ಟಕದ ಅಥವಾ ಉದ್ಧರಣೆಯ ಒಳಗೆ ಬೀಳದಿರಲಿ. ಬಿದ್ದರೆ ಮುಖಪುಟದಲ್ಲಿ ಟ್ಯಾಗ್ ಅರ್ಧಕ್ಕೇ ತುಂಡಾಗಿ ಸೈಡ್‌ಬಾರ್ ಪುಟದ ಬುಡಕ್ಕೆ ಜಾರುತ್ತದೆ.

ಪ್ರಶ್ನೆ: ಒಂದೇ ಲೇಬಲ್ ಪಟ್ಟಿಯಲ್ಲಿ ಎರಡು ಸಲ ಯಾಕೆ ಬರುತ್ತದೆ?

ಉತ್ತರ: ‘ಕಥೆ’, ‘ಕತೆ’ ಎರಡೂ ಬಳಸಿದ್ದೀರಾ ನೋಡಿ. ಕಾಗುಣಿತ ಒಂದೇ ಇದ್ದರೂ, ‘ಸಾಫ್ಟ್‌ವೇರ್’ನಂಥ ಪದದ ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಬ್ಲಾಗರ್‌ಗೆ ಅವು ಎರಡು ಲೇಬಲ್. ಹೆಸರು ಬದಲಿಸುವ ಸೌಲಭ್ಯ ಇಲ್ಲ. ಪೋಸ್ಟ್‌ಗಳ ಪಟ್ಟಿಯಲ್ಲಿ ತಪ್ಪು ಲೇಬಲ್‌ನವನ್ನು ಸೋಸಿ, ಒಟ್ಟಿಗೆ ಆಯ್ದು, ಸರಿಯಾದದ್ದನ್ನು ಸೇರಿಸಿ, ಆಮೇಲೆ ತಪ್ಪಾದದ್ದನ್ನು ತೆಗೆಯಿರಿ.

ಪ್ರಶ್ನೆ: ಸ್ವಂತ ಡೊಮೇನ್ ಜೋಡಿಸಲು ಹೋದರೆ ಬ್ಲಾಗರ್ ಒಪ್ಪುತ್ತಲೇ ಇಲ್ಲ.

ಉತ್ತರ: ‘ಕಸ್ಟಮ್ ಡೊಮೇನ್’ನಲ್ಲಿ ಮೂರು ಡಬ್ಲ್ಯು ಸಮೇತ ಹೆಸರು ಬರೆದು ಸೇವ್ ಒತ್ತಿದಾಗ ದೋಷದ ಜೊತೆಗೆ ಎರಡು ಸಿನೇಮ್ ದಾಖಲೆ (ಒಂದು ಹೆಸರನ್ನು ಇನ್ನೊಂದಕ್ಕೆ ಜೋಡಿಸುವ ಸಾಲು) ತೋರಿಸುತ್ತದೆ. ಒಂದು ಮೂರು ಡಬ್ಲ್ಯುನಿಂದ ‘ಜಿಎಚ್‌ಎಸ್ ಡಾಟ್ ಗೂಗಲ್ ಡಾಟ್ ಕಾಮ್’ಗೆ. ಇನ್ನೊಂದು ನಿಮ್ಮ ಬ್ಲಾಗಿಗಷ್ಟೇ ಸೇರಿದ್ದು, ಇನ್ನೊಬ್ಬರದ್ದನ್ನು ನೋಡಿ ಬರೆಯಬೇಡಿ. ಎರಡನ್ನೂ ಡೊಮೇನ್ ಕೊಂಡ ಕಡೆಯ ಡಿಎನ್‌ಎಸ್ (ಹೆಸರು ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ) ಪುಟದಲ್ಲಿ ಸೇರಿಸಿ. ಮೊದಲೇ ಇದ್ದ ಪಾರ್ಕಿಂಗ್ ದಾಖಲೆ (ಡೊಮೇನ್ ಮಾರಿದವರ ತಾತ್ಕಾಲಿಕ ಪುಟಕ್ಕೆ ಕಳಿಸುವುದು) ಅಳಿಸಿ. ಹೆಸರಿನ ಕಾಲಂನಲ್ಲಿ ಮೊದಲ ತುಂಡನ್ನಷ್ಟೇ ಬರೆಯಿರಿ. ಅನೇಕ ಕಂಪನಿಗಳ ಪುಟ ಡೊಮೇನ್ ಹೆಸರನ್ನು ತಾನೇ ಸೇರಿಸುವುದರಿಂದ ಪೂರ್ತಿ ಬರೆದರೆ ಅದು ಇಮ್ಮಡಿಯಾಗುತ್ತದೆ.

ಮೂರು ಡಬ್ಲ್ಯು ಇಲ್ಲದೆ ಟೈಪ್ ಮಾಡುವವರಿಗಾಗಿ ನಾಲ್ಕು ‘ಎ’ ದಾಖಲೆ (ಹೆಸರನ್ನು ಸಂಖ್ಯೆಯ ವಿಳಾಸಕ್ಕೆ ಜೋಡಿಸುವವು) ಸೇರಿಸಿ: 216.239.32.21, 216.239.34.21, 216.239.36.21, 216.239.38.21. ಬಳಿಕ ‘ರೀಡೈರೆಕ್ಟ್ ಡೊಮೇನ್’ ಆನ್ ಮಾಡಿ. ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಆನ್ ಮಾಡಿದರೆ ಪ್ರಮಾಣಪತ್ರ ಬರಲು ಹೊತ್ತು ಹಿಡಿಯುತ್ತದೆ, ಒಂದು ದಿನ ಕಾಯಿರಿ. ಕ್ಲೌಡ್‌ಫ್ಲೇರ್ ಬಳಸುವವರು ಅಲ್ಲಿಯವರೆಗೆ ಕಿತ್ತಳೆ ಮೋಡದ ಗುರುತನ್ನು ಆಫ್ ಮಾಡಿ ‘ಡಿಎನ್‌ಎಸ್ ಓನ್ಲಿ’ ಇಡಿ.

ಪ್ರಶ್ನೆ: ನನ್ನ ಹಳೆಯ ಬರಹಗಳ ನಡುವಿನ ಕೊಂಡಿಗಳಲ್ಲಿ ‘ಬ್ಲಾಗ್‌ಸ್ಪಾಟ್ ಡಾಟ್ ಇನ್’ ಅಂತಿದೆ. ಒತ್ತಿದರೆ ನನ್ನ ಬ್ಲಾಗು ಬರುವುದಿಲ್ಲ. ಬ್ಲಾಗು ಮಾತ್ರ ಚೆನ್ನಾಗಿಯೇ ಇದೆ.

ಉತ್ತರ: 2012ರಿಂದ ಕೆಲವು ವರ್ಷ ಭಾರತದಲ್ಲಿ ತೆರೆದವರಿಗೆ ಬ್ಲಾಗಿನ ವಿಳಾಸ ‘ಡಾಟ್ ಇನ್’ ಎಂದೇ ಕಾಣುತ್ತಿತ್ತು, ಎಲ್ಲರೂ ಅದನ್ನೇ ನಕಲು ಮಾಡಿ ಕೊಂಡಿ ಹಾಕಿದರು. 2020ರಲ್ಲಿ ಆ ಡೊಮೇನ್ ಗೂಗಲ್‌ನ ಕೈತಪ್ಪಿತು. ಬರಹಗಳಿಗೆ ಏನೂ ಆಗಿಲ್ಲ. ‘ಇನ್’ ತೆಗೆದು ‘ಕಾಮ್’ ಮಾಡಿದರೆ ಅದೇ ಕೊಂಡಿ ತೆರೆಯುತ್ತದೆ.

ಎಲ್ಲೆಲ್ಲಿವೆ ಎಂದು ಹುಡುಕಲು ಸೆಟ್ಟಿಂಗ್ಸ್‌ನ ‘ಬ್ಯಾಕ್ ಅಪ್ ಕಂಟೆಂಟ್’ನಿಂದ ಪೂರ್ತಿ ಪ್ರತಿ ಇಳಿಸಿಕೊಂಡು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಆ ವಿಳಾಸ ಹುಡುಕಿ, ಸಿಕ್ಕ ಬರಹಗಳ ಶೀರ್ಷಿಕೆ ಪಟ್ಟಿ ಮಾಡಿ. ಒಂದೊಂದನ್ನೂ ‘ಎಚ್‌ಟಿಎಂಎಲ್ ವ್ಯೂ’ನಲ್ಲಿ ತೆರೆದು ತಿದ್ದಿ, ‘ಅಪ್‌ಡೇಟ್’ ಒತ್ತಿ. ಡ್ರಾಫ್ಟ್ ಮಾಡಬೇಕಿಲ್ಲ, ದಿನಾಂಕವೂ ಬದಲಾಗದು. ಇನ್ನೊಬ್ಬರ ಬ್ಲಾಗಿಗೆ ಕೊಟ್ಟ ಕೊಂಡಿಗಳಲ್ಲೂ ‘ಇನ್’ ಇದ್ದರೆ ಅವನ್ನೂ ಹೀಗೇ ತಿದ್ದಿ. ಆ ಕಡತದಲ್ಲಿ ಬರಹ, ಕಾಮೆಂಟು ಇರುತ್ತವೆ, ಚಿತ್ರಗಳ ಕೊಂಡಿ ಮಾತ್ರ ಇರುತ್ತದೆ. ಚಿತ್ರಗಳ ಮೂಲಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಿ.