ಸಹಾಯ ಬೇಕು: ಅಮ್ಮನ ಜೊತೆ ಶಿಯಾನ್‌ನಿಂದ ಲುವೋಯಾಂಗ್‌ಗೆ ಹೋಗಬೇಕು

ಎಲ್ಲರಿಗೂ ನಮಸ್ಕಾರ. ನಾನು ಚೀನಾದ ಶಿಯಾನ್‌ನಲ್ಲಿ ಓದುತ್ತಿದ್ದೇನೆ, ಊರು ಬಾದಾಮಿ ಹತ್ತಿರ. ಚೀನೀ ಹೊಸ ವರ್ಷದ ರಜೆಗೆ ಅಮ್ಮ ಬರುತ್ತಿದ್ದಾರೆ. ಇಲ್ಲಿನ ದೊಡ್ಡ ಪಗೋಡಾ ತೋರಿಸಲೇಬೇಕು. ಹ್ಯೂಯೆನ್ ತ್ಸಾಂಗ್ ಭಾರತದಿಂದ ತಂದ ಗ್ರಂಥಗಳನ್ನು ಇಡಲು 652ರಲ್ಲಿ ಕಟ್ಟಿಸಿದ್ದು ಅದು, ನಮ್ಮ ಇಮ್ಮಡಿ ಪುಲಿಕೇಶಿಯ ಬಗ್ಗೆ ಬರೆದವನೂ ಅವನೇ ಅಲ್ವಾ, ಮೊದಲ ಸಲ ಅದರ ಮುಂದೆ ನಿಂತಾಗ ನನಗೆ ಮೈ ಜುಮ್ಮೆಂದಿತ್ತು. ಆಮೇಲೆ ಲುವೋಯಾಂಗ್‌ನ ಲಾಂಗ್‌ಮೆನ್ ಗುಹೆಗಳು. ಸುಮಾರು 493ರಲ್ಲಿ ಕೆತ್ತನೆ ಶುರುವಾಯಿತಂತೆ, ನಮ್ಮ ಬಾದಾಮಿ ಗುಹೆಗಳಿಗಿಂತಲೂ ಹಳೆಯದು. ಬಾದಾಮಿ ನೋಡುತ್ತಾ ಬೆಳೆದ ಅಮ್ಮ ಅದನ್ನು ನೋಡಬೇಕು ಅನ್ನೋದು ನನ್ನ ಆಸೆ.

ತೊಂದರೆ ರೈಲಿನದ್ದು. ಹಬ್ಬದ ಸಮಯದಲ್ಲಿ 40 ದಿನ ಇಡೀ ದೇಶವೇ ಊರಿಗೆ ಹೊರಟಿರುತ್ತದೆ. ಇಲ್ಲಿನ ರೈಲ್ವೆಯ 12306 ಆ್ಯಪ್‌ನಲ್ಲಿ ಟಿಕೆಟ್ ಬಿಡೋದೇ 15 ದಿನ ಮುಂಚೆ, ಬೇಗ ಖಾಲಿಯಾಗುತ್ತದೆ. ಅಮ್ಮನ ಪಾಸ್‌ಪೋರ್ಟ್ ವಿವರವನ್ನು ನನ್ನ ಖಾತೆಗೇ ಸೇರಿಸಿ ಬುಕ್ ಮಾಡಿದವರು ಯಾರಾದರೂ ಇದ್ದೀರಾ? ಅವರು ಇಲ್ಲಿಗೆ ಬರುವ ಮೊದಲೇ ಪರಿಶೀಲನೆ ಮುಗಿಯುತ್ತದಾ?

ಇನ್ನೊಂದು, ಅಮ್ಮ ಮೊಟ್ಟೆಯನ್ನೂ ತಿನ್ನಲ್ಲ. ಲುವೋಯಾಂಗ್‌ನ ಬಿಳಿ ಕುದುರೆ ದೇವಸ್ಥಾನದ ಸುತ್ತಮುತ್ತ ಶುದ್ಧ ಸಸ್ಯಾಹಾರ ಸಿಗುತ್ತದಾ, ಹಬ್ಬದ ದಿನಗಳಲ್ಲೂ ತೆರೆದಿರುತ್ತಾರಾ? ಹೋಗಿ ಬಂದವರು ದಯವಿಟ್ಟು ತಿಳಿಸಿ.